ಬಾಖ್ ಮಂತ್ರಿಯೂ ಕಬ್ಬನ್ ದೊರೆಯೂ

"ಆಡಳಿತವು ನೆಟ್ಟಗೆ ನಡೆದರೆ ಸಾಕು, ನಡೆಸುವವರು ಯಾರಾದರೇನು?" ಎಂಬ ಮಾತನ್ನು ಕಡೂರಿನ ಸಂತೆಯಲ್ಲಿಯೂ ತರೀಕೆರೆಯ ಅಡಿಕೆ ಮಂಡಿಗಳಲ್ಲಿಯೂ ಅಜ್ಜಂಪುರದ ಈರುಳ್ಳಿಯ ಬೆಳೆಗಾರರ ಬಾಯಲ್ಲಿಯೂ ನಾವು ಆಗಾಗ್ಗೆ ಕೇಳುತ್ತ ಬಂದಿರುವೆವು. ೨೦೨೧ರಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ ತೀರಿ, ಚುನಾವಣೆ ನಡೆಯದೆ, ಪ್ರಜೆಗಳು ಆರಿಸಿದ ಸದಸ್ಯರ ಜಾಗದಲ್ಲಿ ಸರಕಾರದವರು ನೇಮಿಸಿದ ಆಡಳಿತಾಧಿಕಾರಿಗಳು ಕುಳಿತಂದಿನಿಂದ ಈ ಮಾತು ಇನ್ನಷ್ಟು ಬಲವಾಯಿತು. ಹೇಳುವವರು ದುಷ್ಟರಲ್ಲ. ಸದಸ್ಯರ ಜಗಳಗಳನ್ನೂ ಗುತ್ತಿಗೆದಾರರ ಸಹವಾಸವನ್ನೂ ನೋಡಿ ಬೇಸತ್ತವರು. ಓದಿದ ಅಧಿಕಾರಿಯೊಬ್ಬನು ಮೇಜಿನ ಹಿಂದೆ ಕುಳಿತು ಕಾಲಕಾಲಕ್ಕೆ ಸಹಿ ಹಾಕಿದರೆ ತಮ್ಮ ಕೆಲಸ ಆಗುವುದೆಂಬ ನಂಬಿಕೆ ಅವರದು.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಕೆಟ್ಟ ಅಧಿಕಾರಿಗಳನ್ನು ತೋರಿಸಿ ಅಧಿಕಾರಿವರ್ಗದ ಆಳ್ವಿಕೆಯನ್ನು ಹಳಿಯುವುದು ಸುಲಭ; ಅದರಿಂದ ಯಾವ ತತ್ತ್ವವೂ ಸಿದ್ಧಿಸುವುದಿಲ್ಲ. ಸಮರ್ಥನಾಗಿ, ಶ್ರಮಶೀಲನಾಗಿ, ಪ್ರಜೆಗಳ ಮೇಲಿನ ಹಳೆಯ ಹೊರೆಗಳನ್ನು ನಿಜವಾಗಿಯೂ ಇಳಿಸಿದ ಅಧಿಕಾರಿಯನ್ನೇ ತೆಗೆದುಕೊಂಡು, ಆತನ ಆಡಳಿತದ ಫಲವೇನಾಯಿತೆಂಬುದನ್ನು ಪರೀಕ್ಷಿಸಬೇಕು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಂತಹ ಇಬ್ಬರು ದೊರೆಯುತ್ತಾರೆ. ಒಬ್ಬನು ಆಸ್ಟ್ರಿಯಾ ಸಾಮ್ರಾಜ್ಯದ ಒಳಾಡಳಿತ ಮಂತ್ರಿಯಾಗಿದ್ದ ಅಲೆಕ್ಸಾಂಡರ್ ಬಾಖ್. ಇನ್ನೊಬ್ಬನು ನಮ್ಮ ಮೈಸೂರು ಸೀಮೆಯ ಕಮಿಷನರಾಗಿದ್ದ ಮಾರ್ಕ್ ಕಬ್ಬನ್. ಇಬ್ಬರಿಗೂ ಪರಸ್ಪರ ಸಂಬಂಧವೇನೂ ಇರಲಿಲ್ಲ. ಆದರೆ ಒಂದೇ ಕಾಲದಲ್ಲಿ ಒಂದೇ ಬಗೆಯ ಯಂತ್ರವನ್ನು ಇಬ್ಬರೂ ನಡೆಸಿದರು. ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ನಮ್ಮ ಮೂರು ಊರುಗಳ ಇಂದಿನ ಪ್ರಶ್ನೆಗೆ ಉತ್ತರವು ದೊರೆಯುವುದೆಂದು ನಾವು ಭಾವಿಸುತ್ತೇವೆ.

ಮೊದಲು ಬಾಖನ ವೃತ್ತಾಂತ. ಆತನು ೧೮೧೩ರಲ್ಲಿ ಜನಿಸಿದವನು. ವಿಯನ್ನಾ ನಗರದ ಹೆಸರಾಂತ ವಕೀಲ. ೧೮೪೮ರ ಮಾರ್ಚಿಯಲ್ಲಿ ಆ ನಗರದ ಪ್ರಜೆಗಳು ಎದ್ದು, ದೀರ್ಘಕಾಲ ರಾಜ್ಯಸೂತ್ರವನ್ನು ಹಿಡಿದಿದ್ದ ಮೆಟರ್ನಿಕನನ್ನು ಓಡಿಸಿದಾಗ, ಬಾಖನು ಸುಧಾರಣೆಯ ಪಕ್ಷದಲ್ಲಿದ್ದನು. ಅದೇ ವರ್ಷದಲ್ಲಿ ನ್ಯಾಯಾಂಗದ ಮಂತ್ರಿಯಾದನು. ೧೮೪೯ರಲ್ಲಿ ಒಳಾಡಳಿತದ ಮಂತ್ರಿಯಾಗಿ ಹತ್ತು ವರ್ಷ ಆ ಪದವಿಯಲ್ಲಿದ್ದನು. ಪ್ರಜಾಪಕ್ಷದಿಂದ ಬಂದವನೇ ಪ್ರಜೆಗಳ ಬಾಯಿಗೆ ಬೀಗ ಹಾಕಿದನೆಂದು ಆತನ ಹಳೆಯ ಮಿತ್ರರು ಕಡೆಯವರೆಗೂ ಆತನನ್ನು ಕ್ಷಮಿಸಲಿಲ್ಲ. ೧೮೪೯ರಲ್ಲಿ ಚಕ್ರವರ್ತಿ ಫ್ರಾನ್ಸಿಸ್ ಜೋಸೆಫನು ತಾನೇ ಕೊಟ್ಟಿದ್ದ ರಾಜ್ಯಾಂಗ ಶಾಸನವನ್ನು ೧೮೫೧ರ ಡಿಸೆಂಬರು ೩೧ರಂದು ತಾನೇ ರದ್ದುಮಾಡಿದನು. ಅಲ್ಲಿಂದ ಮುಂದೆ ಆಲ್ಪ್ಸ್ ಪರ್ವತದಿಂದ ಟ್ರಾನ್ಸಿಲ್ವೇನಿಯದವರೆಗೆ ಹತ್ತಾರು ಭಾಷೆಗಳ ಜನಾಂಗಗಳೆಲ್ಲವೂ ವಿಯನ್ನಾದ ಒಂದು ಕಚೇರಿಯಿಂದ ಹೊರಡುವ ಹುಕುಮಿಗೆ ತಲೆಬಾಗಬೇಕಾಯಿತು.

ಬಾಖನ ಕಾಲದಲ್ಲಿ ಒಳಿತೇ ಆಗಲಿಲ್ಲವೆಂದರೆ ಸುಳ್ಳಾದೀತು. ೧೮೪೮ರ ಸೆಪ್ಟೆಂಬರಿನಲ್ಲಿ ಪ್ರಜಾಸಭೆಯು ರೈತರ ಜೀತವನ್ನು ಕೊನೆಗಾಣಿಸುವ ಶಾಸನವನ್ನು ಮಾಡಿತ್ತು. ಶಾಸನವನ್ನು ಕಾಗದದಿಂದ ಹೊಲಕ್ಕೆ ಇಳಿಸಿ, ಜಮೀನುದಾರರಿಗೆ ಸಲ್ಲಬೇಕಾದ ಪರಿಹಾರವನ್ನು ಲೆಕ್ಕಹಾಕಿ, ಬಿಟ್ಟಿಯ ದುಡಿಮೆಯಿಂದ ರೈತನನ್ನು ಬಿಡಿಸಿದ ಮಹಾಕಾರ್ಯವು ನೆರವೇರಿದುದು ಬಾಖನ ಅಧಿಕಾರಿಗಳಿಂದ. ಹಂಗೇರಿಗೂ ಆಸ್ಟ್ರಿಯಕ್ಕೂ ನಡುವೆ ಇದ್ದ ಸುಂಕದ ಗಡಿಯು ಹೋಯಿತು. ಪ್ರಭುಗಳಿಗೂ ಸಾಮಾನ್ಯರಿಗೂ ಒಂದೇ ಕಾನೂನು ಬಂದಿತು; ಹುಟ್ಟಿನಿಂದ ಬಂದ ಜಮೀನುದಾರನ ನ್ಯಾಯಪೀಠಕ್ಕೆ ಬದಲಾಗಿ ಸರಕಾರದ ನ್ಯಾಯಸ್ಥಾನಗಳು ಏರ್ಪಟ್ಟವು. ಇವು ಅಲ್ಪ ಕಾರ್ಯಗಳಲ್ಲ. ಹಳೆಯ ಪ್ರಭುಗಳ ಸಭೆಗಳಿಗೇ ಬಿಟ್ಟಿದ್ದರೆ ರೈತನ ಬಿಡುಗಡೆಯು ಇನ್ನೆಷ್ಟು ಕಾಲ ತಡವಾಗುತ್ತಿತ್ತೋ ಹೇಳಬರುವಂತಿಲ್ಲ.

ಆದರೆ ಹೊರೆಯನ್ನು ಇಳಿಸಿದ ಕೈಯೇ ಪ್ರಜೆಯ ಕೈಯನ್ನು ಕಟ್ಟಿತು. ೧೮೪೯ರಲ್ಲಿ ಯುದ್ಧದಿಂದ ಸೋತ ಹಂಗೇರಿಯನ್ನು ಐದು ತುಂಡುಗಳಾಗಿ ವಿಭಾಗಿಸಿದರು. ಶತಮಾನಗಳಿಂದ ಬಂದಿದ್ದ ಅಲ್ಲಿನ ಜಿಲ್ಲಾಸಭೆಗಳನ್ನು ಮುಚ್ಚಿದರು. ಆಡಳಿತದ ಭಾಷೆ ಜರ್ಮನ್ ಆಯಿತು. ಆ ದೇಶದ ಭಾಷೆಯನ್ನೇ ಅರಿಯದ ಅಧಿಕಾರಿಗಳು ಬೊಹೀಮಿಯದಿಂದಲೂ ಗಲೀಷಿಯದಿಂದಲೂ ಬಂದು ಊರೂರಿನ ಕಚೇರಿಗಳನ್ನು ತುಂಬಿದರು. ಇವರಿಗೆ ಹಂಗೇರಿಯ ವೀರರ ಉಡುಪನ್ನು ಹೋಲುವ ಅಂಗಿಯನ್ನೂ ಕತ್ತಿಯನ್ನೂ ತೊಡಿಸಿದ್ದರಂತೆ. ಆ ವೇಷವನ್ನು ಕಂಡು ಜನರು ಅವರಿಗೆ "ಬಾಖನ ಹುಸ್ಸಾರರು" ಎಂಬ ಅಡ್ಡಹೆಸರನ್ನಿಟ್ಟು ನಕ್ಕರು. ಚಕ್ರವರ್ತಿಯ ಪಕ್ಷದಲ್ಲಿ ನಿಂತು ಹೋರಾಡಿದ್ದ ಕ್ರೊವೇಷಿಯದವರಿಗೂ ಇದೇ ಆಡಳಿತವೇ ಬಂದಿತು. ಹಂಗೇರಿಗೆ ಶಿಕ್ಷೆಯೆಂದು ಕೊಟ್ಟುದನ್ನೇ ಕ್ರೊವೇಷಿಯಕ್ಕೆ ಬಹುಮಾನವೆಂದು ಕೊಟ್ಟರೆಂಬುದು ಆ ಕಾಲದ ಹಾಸ್ಯ. ನಿಂತ ಸೈನ್ಯ ಸಿಪಾಯಿಗಳದು, ಕುಳಿತ ಸೈನ್ಯ ಗುಮಾಸ್ತರದು, ಮೊಣಕಾಲೂರಿದ ಸೈನ್ಯ ಪಾದ್ರಿಗಳದು, ತೆವಳುವ ಸೈನ್ಯ ಚಾಡಿಕೋರರದು ಎಂಬ ಅರ್ಥದಲ್ಲಿ ಆ ಆಡಳಿತವನ್ನು ವಿಯನ್ನಾದ ಪ್ರಜಾಪಕ್ಷದ ಮುಂದಾಳು ಫಿಷಾಫನು ವರ್ಣಿಸಿದನೆಂದು ಹೇಳುತ್ತಾರೆ.

ಇಷ್ಟೆಲ್ಲ ಕಟ್ಟಿದ ಯಂತ್ರವು ಮುರಿದುದು ಹೇಗೆ? ಹಂಗೇರಿಯವರು ಮತ್ತೆ ಕತ್ತಿಯನ್ನು ಎತ್ತಲಿಲ್ಲ. ಫೆರೆಂಟ್ಸ್ ಡೆಯಾಕ್ ಎಂಬ ಮುಂದಾಳುವಿನ ಆದರ್ಶವನ್ನನುಸರಿಸಿ ಅಲ್ಲಿನ ಪ್ರಮುಖರು ಆ ಸರಕಾರದ ಪದವಿಗಳನ್ನು ಒಲ್ಲೆನೆಂದು ಮನೆಯಲ್ಲಿ ಕುಳಿತರು. ಕಂದಾಯವನ್ನು ಬಲವಂತವಾಗಿಯೇ ವಸೂಲುಮಾಡಬೇಕಾಯಿತು. ೧೮೫೭ರಲ್ಲಿ ತನ್ನ ಆಡಳಿತದ ಸಾಧನೆಗಳನ್ನು ಹೊಗಳಿಕೊಳ್ಳುವ ಪುಸ್ತಕವೊಂದನ್ನು ಬಾಖನ ಪಕ್ಷವು ಹೊರಡಿಸಿತು. ಹಂಗೇರಿಯ ವಿದ್ವತ್ಪರಿಷತ್ತಿಗೆ ಮೂಲಧನವನ್ನು ಕೊಟ್ಟ ಮಹನೀಯ ಸೇಚೆನ್ಯಿಯು ಅದಕ್ಕೆ ಕಟಕಿಯ ಉತ್ತರವನ್ನು ಬರೆದು, ಹೆಸರಿಲ್ಲದೆ ೧೮೫೯ರಲ್ಲಿ ಲಂಡನ್ನಿನಲ್ಲಿ ಅಚ್ಚುಹಾಕಿಸಿದನು. ಅದೇ ವರ್ಷ ಇಟಲಿಯಲ್ಲಿ ಮಜೆಂಟಾ, ಸೊಲ್ಫೆರೀನೋ ಎಂಬ ಎರಡು ಕಾಳಗಗಳಲ್ಲಿ ಆಸ್ಟ್ರಿಯಾ ಸೋತಿತು. ಬೊಕ್ಕಸವು ಬರಿದಾಗಿತ್ತು, ಸಾಲ ಕೊಡುವವರು ಹಿಂದೆಗೆದರು. ಕಷ್ಟಕಾಲದಲ್ಲಿ ಸಾಮ್ರಾಜ್ಯವು ತನ್ನ ಪ್ರಜೆಗಳ ಕಡೆಗೆ ತಿರುಗಿ ನೋಡಿದಾಗ ಅದನ್ನು ತನ್ನದೆಂದು ಹೇಳಿಕೊಳ್ಳುವವರು ಗುಮಾಸ್ತರ ಹೊರತು ಯಾರೂ ಉಳಿದಿರಲಿಲ್ಲ. ಆಗಸ್ಟ್ ತಿಂಗಳಲ್ಲಿ ಬಾಖನು ಪದವಿಯಿಂದಿಳಿದು ರೋಮಿಗೆ ರಾಯಭಾರಿಯಾಗಿ ಹೋದನು. ೧೮೬೭ರಲ್ಲಿ ಹಂಗೇರಿಗೆ ಅದರ ಸ್ವಂತ ಶಾಸನಸಭೆಯನ್ನೂ ಮಂತ್ರಿಮಂಡಲವನ್ನೂ ಚಕ್ರವರ್ತಿಯು ಒಪ್ಪಿಕೊಡಬೇಕಾಯಿತು. ೧೯೦೪ರಲ್ಲಿ ಐರ್ಲೆಂಡಿನ ಆರ್ಥರ್ ಗ್ರಿಫಿತ್ತನು ತನ್ನ ದೇಶದವರಿಗೆ ದಾರಿ ತೋರಿಸಲು ಇದೇ ಕಥೆಯನ್ನು ಪುಸ್ತಕವಾಗಿ ಬರೆದನು.

ಇನ್ನು ನಮ್ಮ ಸೀಮೆಯ ವಿಚಾರ. ಕಬ್ಬನ್ನನ ಆಡಳಿತವು ಹೇಗೆ ಬಂದಿತೆಂಬುದನ್ನು ತಿಳಿಯಬೇಕಾದರೆ ೧೮೩೦ನೆಯ ಇಸವಿಗೆ ಹೋಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶರತ್ತು ಎಂಬ ಪದ್ಧತಿ ನಡೆಯುತ್ತಿತ್ತು. ಸೀಮೆಯ ಅಧಿಕಾರಿಯು ಇಂತಿಷ್ಟು ಹಣವನ್ನು ಅರಮನೆಗೆ ತಂದೊಪ್ಪಿಸುವುದಾಗಿ ಕರಾರು ಬರೆದುಕೊಡುತ್ತಿದ್ದನು. ರೈತನಿಂದ ಎಷ್ಟನ್ನು ಹಿಂಡಿದನೆಂದು ಕೇಳುವವರಿರಲಿಲ್ಲ. ನಗರದ ಕಡೆಯ ರೈತರು ಇದನ್ನು ತಾಳಲಾರದೆ ಊರೂರಿನಲ್ಲಿ ಕೂಟ ಸೇರಿದರು. ಈ "ಕೂಟ" ಎಂಬ ಶಬ್ದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪಟೇಲರೂ ಶ್ಯಾನುಭೋಗರೂ ರೈತರೂ ಒಂದೆಡೆ ಕುಳಿತು, ತಮ್ಮ ದೂರುಗಳನ್ನು ಒಟ್ಟುಗೂಡಿಸಿ, ಅವು ತೀರುವ ತನಕ ಕಂದಾಯ ಕೊಡುವುದಿಲ್ಲವೆಂದು ನಿಂತ ಸಭೆಗಳು ಅವು. ನಗರದ ಸಿಂಹಾಸನ ತನ್ನದೆಂದು ಹೇಳಿಕೊಂಡ ಬೂದಿ ಬಸವಪ್ಪನು ಮುಂದೆ ಬಂದನು. ವರ್ಷಾಶನದ ಮೇಲೆ ಮೈಸೂರಿನಲ್ಲಿದ್ದ ತರೀಕೆರೆಯ ಪಾಳೆಯಗಾರರ ಮನೆತನದವರೂ ಬಂದು ದಂಗೆಯಲ್ಲಿ ಸೇರಿದರು. ರೈತರ ಕೂಟವಾಗಿ ಹುಟ್ಟಿದುದು ಹೀಗೆ ಯುದ್ಧವಾಯಿತು. ಕುಂಪಣಿಯ ಸೇನೆ ಬಂದು ಅದನ್ನು ಅಡಗಿಸಿತು. ತರೀಕೆರೆಯ ಸರ್ಜಾ ಹನುಮಪ್ಪ ನಾಯಕನನ್ನು ಕಡೆಗೆ ಹಿಡಿದು ಗಲ್ಲಿಗೇರಿಸಿದರು. ಆತನ ಹೆಸರು ಆ ಊರಿನಲ್ಲಿ ಇಂದಿಗೂ ಮರೆತುಹೋಗಿಲ್ಲ.

೧೮೩೧ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮಹಾರಾಜರಿಂದ ರಾಜ್ಯಭಾರವನ್ನು ಕಿತ್ತುಕೊಂಡು ಕಮಿಷನರುಗಳಿಗೆ ಒಪ್ಪಿಸಿದನು. ತರುವಾಯ ವಿಚಾರಣೆ ನಡೆಸಿದ ಸಮಿತಿಯು ೧೮೩೩ರಲ್ಲಿ ಕೊಟ್ಟ ವರದಿಯನ್ನು ನೋಡಿದಾಗ, ತಾನು ಕೇಳಿದ್ದ ದೂರುಗಳು ಬಹಳ ಮಟ್ಟಿಗೆ ಅತಿಶಯೋಕ್ತಿಯೆಂಬ ಪಶ್ಚಾತ್ತಾಪವು ಆತನಿಗೇ ಉಂಟಾಯಿತು. ರಾಜ್ಯದ ಒಂದು ಭಾಗವನ್ನು ಹಿಂದಿರುಗಿಸುವ ಸಲಹೆಯನ್ನೂ ಮಾಡಿದನು. ಲಂಡನ್ನಿನವರು ಒಪ್ಪಲಿಲ್ಲ. ಹೀಗೆ ಕಲ್ಕತ್ತೆಯಲ್ಲಿದ್ದವನ ದುಡುಕಿನಿಂದ ಹೋದ ರಾಜ್ಯವು, ಲಂಡನ್ನಿನಲ್ಲಿದ್ದವರ ಹಟದಿಂದ ಐವತ್ತು ವರ್ಷ ಹಿಂದಕ್ಕೆ ಬರಲಿಲ್ಲ. ಈ ಮಧ್ಯೆ ನಗರದ ರೈತನನ್ನು ಕೇಳಿದವರು ಯಾರೂ ಇಲ್ಲ. ಶರತ್ತು ಬೇಡವೆಂದು ಕೂಟ ಸೇರಿದವನು ಪರರ ಆಳ್ವಿಕೆ ಬೇಕೆಂದು ಕೇಳಿರಲಿಲ್ಲ.

೧೮೩೪ರಿಂದ ೧೮೬೧ರವರೆಗೆ ಮಾರ್ಕ್ ಕಬ್ಬನ್ನನು ಒಬ್ಬನೇ ಕಮಿಷನರಾಗಿ ಮೈಸೂರನ್ನು ಆಳಿದನು. ಬಾಖನಂತೆಯೇ ಈತನೂ ಶ್ರಮಶೀಲನೆಂಬುದರಲ್ಲಿ ಸಂಶಯವಿಲ್ಲ. ರಾಜ್ಯವನ್ನು ಬೆಂಗಳೂರು, ಅಷ್ಟಗ್ರಾಮ, ಚಿತ್ರದುರ್ಗ, ನಗರ ಎಂಬ ನಾಲ್ಕು ವಿಭಾಗಗಳಾಗಿ ಮಾಡಿ, ಒಂದೊಂದಕ್ಕೂ ಒಬ್ಬ ಐರೋಪ್ಯ ಸೂಪರಿಂಟೆಂಡೆಂಟನನ್ನು ಇಟ್ಟನು. ಕಂದಾಯವನ್ನು ಸುಗ್ಗಿಯ ಕಾಲಕ್ಕೆ ಹೊಂದುವಂತೆ ಕಂತುಗಳಲ್ಲಿ ಕಟ್ಟುವ ಅನುಕೂಲವನ್ನು ಮಾಡಿದನು. ಸುಮಾರು ೧೬೦೦ ಮೈಲಿ ರಸ್ತೆಗಳಾದವು. ಎಲ್ಲಕ್ಕಿಂತ ಹೆಚ್ಚಾಗಿ, ೭೬೯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದನು. ಅವುಗಳ ಪಟ್ಟಿಯನ್ನು ಓದಿದರೆ ನಗುವೂ ಅಳುವೂ ಒಟ್ಟಿಗೆ ಬರುತ್ತವೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಕೂದಲು ತೆಗೆಸಿದರೆ ತೆರಿಗೆ! ಒಂದು ಗ್ರಾಮದವರಂತೂ, ಪೂರ್ವಕಾಲದಲ್ಲಿ ಯಾವನೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂಬ ಅಪರಾಧಕ್ಕಾಗಿ ತಲೆಮಾರುಗಳಿಂದ ದಂಡ ಕಟ್ಟುತ್ತಿದ್ದರು. ನಗರದಲ್ಲಿ ಒಂದು ಸ್ಥಳವನ್ನು ಹಾದುಹೋಗುವಾಗ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯದವನು ತೆರಿಗೆ ಕೊಡಬೇಕಾಗಿತ್ತು. ಇವೆಲ್ಲವೂ ಸರಕಾರದ ಲೆಕ್ಕದಲ್ಲಿ ಆದಾಯವೆಂದೇ ಬರೆಯಲ್ಪಟ್ಟಿದ್ದವು. ಇವನ್ನು ಅಳಿಸಿದವನಿಗೆ ಕೃತಜ್ಞತೆಯನ್ನು ಸಲ್ಲಿಸಲು ನಾವು ಹಿಂಜರಿಯುವುದಿಲ್ಲ. ನ್ಯಾಯವಾದುದನ್ನು ಪರದೇಶದವನು ಮಾಡಿದರೂ ನ್ಯಾಯವೆಂದೇ ಹೇಳಬೇಕು.

ಆದರೆ ಆ ಇಪ್ಪತ್ತೇಳು ವರ್ಷಗಳಲ್ಲಿ ಒಂದು ದಿನವಾದರೂ, ಒಂದು ತೆರಿಗೆಯ ವಿಷಯದಲ್ಲಾದರೂ, ಪ್ರಜೆಗಳನ್ನು ಸಭೆ ಸೇರಿಸಿ ಅಭಿಪ್ರಾಯ ಕೇಳುವ ಪದ್ಧತಿಯನ್ನು ಕಬ್ಬನ್ನನು ಏರ್ಪಡಿಸಲಿಲ್ಲ. ರೈತನ ಅರ್ಜಿಯು ಅಮಲ್ದಾರನ ಕಚೇರಿಯಿಂದ ಸೂಪರಿಂಟೆಂಡೆಂಟನ ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ ಏರಬೇಕು. ಹುಕುಮು ಅದೇ ಮೆಟ್ಟಿಲುಗಳಲ್ಲಿ ಇಳಿಯಬೇಕು. ಮೇಲಿನ ಹುದ್ದೆಗಳಲ್ಲಿ ಐರೋಪ್ಯರು. ನಡುವಿನ ಹುದ್ದೆಗಳಲ್ಲಿ ಮದರಾಸು ಸೀಮೆಯಿಂದ ಬಂದ ಅನೇಕರು. ಹಿಂದಿನಿಂದ ಬಂದಿದ್ದ ಮರಾಠಿಯ ಬಳಕೆಯು ಕಚೇರಿಯ ಲೆಕ್ಕಪತ್ರಗಳಲ್ಲಿ ಈ ಕಾಲಕ್ಕೂ ಮುಂದುವರಿಯಿತು. ತನ್ನ ಹೊಲದ ಲೆಕ್ಕವನ್ನು ತನ್ನ ಭಾಷೆಯಲ್ಲಿ ಓದಿಸಿ ಕೇಳುವ ಭಾಗ್ಯ ಕನ್ನಡ ರೈತನಿಗೆ ಎಷ್ಟೋ ಕಡೆ ಇರಲಿಲ್ಲ. ಹಂಗೇರಿಯವನಿಗೆ ಜರ್ಮನ್ ಹೇಗೋ ನಮ್ಮವನಿಗೆ ಇದು ಹಾಗೆ. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯ ಅರ್ಥವನ್ನು ಆ ಕಾಲದ ಕಚೇರಿಗಳ ಮುಂದೆ ಕಾದವರು ಬಲ್ಲವರಾಗಿದ್ದರು.

ದೂರದ ಕಚೇರಿಯು ಒಳ್ಳೆಯ ಉದ್ದೇಶದಿಂದಲೇ ಎಂತಹ ತಪ್ಪನ್ನು ಮಾಡಬಲ್ಲುದೆಂಬುದಕ್ಕೆ ಅಜ್ಜಂಪುರದವರಿಗೆ ಚೆನ್ನಾಗಿ ತಿಳಿದ ನಿದರ್ಶನವೊಂದುಂಟು. ಅಮೃತಮಹಲ್ ದನಗಳು ಮೈಸೂರಿನ ಒಡೆಯರ ಬೆಣ್ಣೆಚಾವಡಿಯಿಂದ ಬೆಳೆದುಬಂದ ತಳಿ; ಹೈದರನೂ ಟೀಪುವೂ ಇವನ್ನು ಸೈನ್ಯದ ಫಿರಂಗಿಗಳನ್ನು ಎಳೆಯಲು ಬಳಸಿ ಬೆಳೆಸಿದರು. ಇವುಗಳ ಮೇವಿಗಾಗಿ ಕಾವಲುಗಳೆಂಬ ವಿಶಾಲವಾದ ಹುಲ್ಲುಗಾವಲುಗಳು ಈ ಸೀಮೆಗಳಲ್ಲೆಲ್ಲ ಮೀಸಲಾಗಿದ್ದವು. ೧೮೬೦ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲ್ಯನ್ನನು ಖರ್ಚು ಉಳಿಸಬೇಕೆಂದು ಆ ಇಲಾಖೆಯನ್ನೇ ಮುಚ್ಚಿಸಿ ಹಿಂಡುಗಳನ್ನು ಮಾರಿಸಿದನು. ನೂರಾರು ವರ್ಷಗಳಲ್ಲಿ ಕೂಡಿಸಿದ ತಳಿಯು ಒಂದು ಹುಕುಮಿನಿಂದ ಚೆದರಿಹೋಯಿತು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ತಕ್ಕ ಎತ್ತುಗಳೇ ದೊರೆಯದೆ ತಪ್ಪು ಗೊತ್ತಾಗಿ, ೧೮೬೭ರ ಹೊತ್ತಿಗೆ ಅದನ್ನು ಮರಳಿ ಸ್ಥಾಪಿಸಬೇಕಾಯಿತು. ಮಹಾರಾಜರು ಒಳ್ಳೆಯ ದನಗಳನ್ನು ಕೊಂಡು ಉಳಿಸಿಕೊಂಡಿದ್ದುದರಿಂದ ಅಷ್ಟಾದರೂ ಸಾಧ್ಯವಾಯಿತು. ಅಜ್ಜಂಪುರದಲ್ಲಿ ಈಗಿರುವ ತಳಿಸಂವರ್ಧನ ಕೇಂದ್ರವು ಆ ವಂಶವನ್ನು ಕಾಯುತ್ತಲಿದೆ. ಹುಕುಮು ಹೊರಡಿಸುವ ಮೊದಲು ಒಬ್ಬ ದನಗಾಹಿಯನ್ನು ಕೇಳಿದ್ದರೆ ಆತನು ಆ ತಪ್ಪನ್ನು ಮಾಡಗೊಡುತ್ತಿರಲಿಲ್ಲ. ಕೇಳುವ ಪದ್ಧತಿಯೇ ಇಲ್ಲದ ಕಡೆ ಆ ದನಗಾಹಿಯ ತಿಳಿವಳಿಕೆಯು ರಾಜ್ಯಕ್ಕೆ ದೊರೆಯುವುದಿಲ್ಲ.

ಕಡೂರಿನವರಿಗೂ ಒಂದು ನಿದರ್ಶನವಿದೆ. ಕಬ್ಬನ್ನನ ನಂತರ ಬಂದ ಬೌರಿಂಗನು ೧೮೬೩ರಲ್ಲಿ ರಾಜ್ಯವನ್ನು ಎಂಟು ಜಿಲ್ಲೆಗಳಾಗಿ ವಿಂಗಡಿಸಿದಾಗ ನಗರ ವಿಭಾಗಕ್ಕೆ ಸೇರಿದ ಒಂದು ಜಿಲ್ಲೆಗೆ ಕಡೂರಿನ ಹೆಸರಾಯಿತು. ೧೮೬೫ರಲ್ಲಿ ಅದರ ಮುಖ್ಯಸ್ಥಾನವನ್ನು ಚಿಕ್ಕಮಗಳೂರಿಗೆ ಒಯ್ದರು. ಆದರೂ ಕಡೂರು ಜಿಲ್ಲೆಯೆಂಬ ಹೆಸರು ೧೯೪೭ರವರೆಗೆ ಉಳಿದಿತ್ತು. ಕಚೇರಿ ಒಂದು ಕಡೆ, ಹೆಸರು ಒಂದು ಕಡೆ. ಮುಖ್ಯಸ್ಥಾನವನ್ನು ಒಯ್ದುದು ತಪ್ಪೆಂದು ನಾವು ಹೇಳುವುದಿಲ್ಲ. ಚಿಕ್ಕಮಗಳೂರಿನ ಹವೆಯೂ ಕಾಫಿಯ ತೋಟಗಳ ಸಾಮೀಪ್ಯವೂ ಅದಕ್ಕೆ ಅನುಕೂಲವಾಗಿದ್ದಿರಬಹುದು. ನಾವು ಹೇಳುವುದಿಷ್ಟೇ: ಒಂದು ಊರು ಜಿಲ್ಲೆಗೆ ತಲೆಯಾಗುವುದೂ ಆ ಪದವಿಯನ್ನು ಕಳೆದುಕೊಳ್ಳುವುದೂ ಆ ಊರಿನವರ ಮಾತಿಲ್ಲದೆಯೇ ನಡೆದುಹೋಯಿತು. ಅವರಿಗೆ ಕೇಳಿಸಿದುದು ಹುಕುಮೊಂದೇ. ಕಾರಣವನ್ನು ತಿಳಿಸಿ ಒಪ್ಪಿಗೆ ಪಡೆಯುವ ಸಭೆಯಾವುದೂ ಇರಲಿಲ್ಲ.

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಬಾಖನ ಯಂತ್ರವು ಹತ್ತು ವರ್ಷಗಳಲ್ಲಿ ಮುರಿಯಿತು. ಕಮಿಷನ್ನಿನ ಯಂತ್ರವು ಐವತ್ತು ವರ್ಷ ನಡೆಯಿತು. ೧೮೫೭ರಲ್ಲಿ ಉತ್ತರ ದೇಶವೆಲ್ಲ ಉರಿದಾಗಲೂ ಮೈಸೂರು ಶಾಂತವಾಗಿತ್ತು. ಹಾಗಾದರೆ ಕಬ್ಬನ್ನನ ಮಾರ್ಗವೇ ಸರಿಯೆನ್ನಬಾರದೆ? ನಮ್ಮ ಉತ್ತರವಿದು. ಹಂಗೇರಿಯಲ್ಲಿ ಜಿಲ್ಲಾಸಭೆಗಳಿದ್ದವು. ಅವು ಬಹುಮಟ್ಟಿಗೆ ಪ್ರಭುಗಳ ಸಭೆಗಳೇ ಹೊರತು ರೈತರವಲ್ಲ ಎಂಬುದು ನಿಜ. ಆದರೂ ಕೂಡಿ ಕುಳಿತು ಮಾತನಾಡುವ, ಅಧಿಕಾರಿಯನ್ನು ತಾವೇ ಆರಿಸುವ, ಅನ್ಯಾಯದ ಹುಕುಮನ್ನು ಒಲ್ಲೆನೆನ್ನುವ ಅಭ್ಯಾಸವನ್ನು ಅವು ಶತಮಾನಗಳಿಂದ ಕಲಿಸಿದ್ದವು. ಸಭೆಗಳನ್ನು ಮುಚ್ಚಿದರೂ ಅಭ್ಯಾಸವು ಸಾಯಲಿಲ್ಲ. ನಮ್ಮಲ್ಲಿ ಇದ್ದ ಅಂತಹ ಅಭ್ಯಾಸವೆಂದರೆ ರೈತರ ಕೂಟವೊಂದೇ. ಅದನ್ನು ೧೮೩೦-೩೧ರಲ್ಲಿ ತುಪಾಕಿಯಿಂದ ಮುರಿದಿದ್ದರು. ಆಮೇಲೆ ಕಾಣಿಸಿದ ಶಾಂತಿಯು ತೃಪ್ತಿಯ ಶಾಂತಿಯೆಂದು ಯಾರು ಬಲ್ಲರು? ಹೇಳಲು ಸ್ಥಳವಿಲ್ಲದವನು ಸುಮ್ಮನಿರುತ್ತಾನೆ. ಸುಮ್ಮನಿರುವವನು ಸುಖಿಯೆಂದು ದೊರೆಯು ತನ್ನ ವರದಿಯಲ್ಲಿ ಬರೆದುಕೊಳ್ಳುತ್ತಾನೆ.

೧೮೮೧ರಲ್ಲಿ ರಾಜ್ಯವು ಒಡೆಯರಿಗೆ ಮರಳಿ ಬಂದಾಗ ದಿವಾನ್ ರಂಗಾಚಾರ್ಲು ಅವರು ಮಾಡಿದ ಮೊದಲ ಕಾರ್ಯಗಳಲ್ಲಿ ಪ್ರಜಾಪ್ರತಿನಿಧಿ ಸಭೆಯೂ ಒಂದು. ಅಕ್ಟೋಬರು ೭ರಂದು ೧೪೪ ಮಂದಿ ರೈತರೂ ವರ್ತಕರೂ ಮೈಸೂರಿನಲ್ಲಿ ಸೇರಿದರು. ಮತಾಧಿಕಾರವಿಲ್ಲದ, ನಾಮಕರಣದಿಂದ ಬಂದ, ಕೇಳುವುದಕ್ಕೂ ಹೇಳುವುದಕ್ಕೂ ಮಾತ್ರ ಇದ್ದ ಸಭೆ ಅದು. ಅಷ್ಟು ಬಡವಾದ ಸಭೆಯೂ ಅರ್ಧ ಶತಮಾನದ ಕಮಿಷನ್ನಿನಲ್ಲಿ ಆಗದುದನ್ನು ಮಾಡಿತು. ಮಲೆನಾಡಿನವನೂ ಬಯಲುಸೀಮೆಯವನೂ ತಮ್ಮ ಕೆರೆ, ರಸ್ತೆ, ಕಂದಾಯಗಳ ಮಾತನ್ನು ದಿವಾನರ ಮುಖದ ಮುಂದೆ ಹೇಳಿದರು. ದಿವಾನರು ರಾಜ್ಯದ ಆಯವ್ಯಯವನ್ನು ಅವರ ಮುಂದಿಟ್ಟು ಓದಿದರು. ಆ ಸಣ್ಣ ಬೀಜದಿಂದ ಬೆಳೆದ ಅಭ್ಯಾಸವೇ ೧೯೪೭ರಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ಮೈಸೂರಿನ ಪ್ರಜೆಗಳನ್ನು ಬೀದಿಗಿಳಿಸಿತು.

ಈಗ ಪ್ರಕೃತಕ್ಕೆ ಬರೋಣ. ಕರ್ಣಾಟಕವು ಪಂಚಾಯಿತಿಯ ವಿಷಯದಲ್ಲಿ ಹಿಂದುಳಿದ ರಾಜ್ಯವಲ್ಲ. ಅಬ್ದುಲ್ ನಜೀರ್ ಸಾಹೇಬರ ಪ್ರಯತ್ನದಿಂದ ೧೯೮೩ರ ಕಾನೂನು ಬಂದು, ೧೯೮೭ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆದಾಗ ದೇಶವೆಲ್ಲ ನಮ್ಮ ಕಡೆ ನೋಡಿತು. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೩ನೆಯ ತಿದ್ದುಪಡಿಯು ಪಂಚಾಯಿತಿಗಳ ಅವಧಿ ಐದು ವರ್ಷವೆಂದೂ, ಆ ಅವಧಿ ಮುಗಿಯುವುದಕ್ಕೆ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕೆಂದೂ ಸ್ಪಷ್ಟವಾಗಿ ವಿಧಿಸಿದೆ. ಅಂತಹ ರಾಜ್ಯದಲ್ಲಿ ೨೦೧೬ರಲ್ಲಿ ಆರಿಸಿಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ತೀರಿದಾಗ ಚುನಾವಣೆ ಬರಲಿಲ್ಲ. ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಸರಕಾರದವರು ನೇಮಿಸಿದ ಬೇರೊಂದು ಆಯೋಗಕ್ಕೆ ಒಪ್ಪಿಸಿದರು. ವಿಂಗಡಣೆಯಾಗಲಿ ಎಂದರು, ಮೀಸಲಾತಿಯ ಪಟ್ಟಿಯಾಗಲಿ ಎಂದರು, ಮೊಕದ್ದಮೆ ತೀರಲಿ ಎಂದರು. ೨೦೨೩ರಲ್ಲಿ ಒಂದು ಪಕ್ಷದ ಸರಕಾರ ಹೋಗಿ ಇನ್ನೊಂದು ಪಕ್ಷದ ಸರಕಾರ ಬಂದಿತು. ಆ ವರ್ಷವೂ ಮರುವರ್ಷವೂ ಚುನಾವಣೆ ಬರಲಿಲ್ಲ. ಈ ಒಂದು ವಿಷಯದಲ್ಲಿ ಪರಸ್ಪರ ವೈರಿಗಳಿಬ್ಬರೂ ಏಕಮತವಾದುದು ವಿಚಿತ್ರವಾದರೂ ಸತ್ಯ.

ಅಜ್ಜಂಪುರದ ಸ್ಥಿತಿಯನ್ನೇ ನೋಡಿ. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಆ ಊರು, ೨೦೧೭ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಯಿತು. ಜನರು ಸಂತೋಷಪಟ್ಟರು, ಪಡಬೇಕಾದುದೇ. ಕಾಗದಪತ್ರಕ್ಕಾಗಿ ತರೀಕೆರೆಗೆ ಅಲೆಯುವ ಕಷ್ಟ ತಪ್ಪೀತೆಂದು ನಂಬಿದರು. ಆದರೆ ೨೦೧೬ರಲ್ಲಿ ಅವರು ತಾಲ್ಲೂಕು ಪಂಚಾಯಿತಿಗೆ ಮತ ಕೊಟ್ಟಾಗ ಅವರ ತಾಲ್ಲೂಕು ತರೀಕೆರೆ. ತಮ್ಮ ಹೊಸ ತಾಲ್ಲೂಕಿನ ಪಂಚಾಯಿತಿಯನ್ನು ತಾವೇ ಆರಿಸುವ ಮೊದಲ ಸಂದರ್ಭ ಬರಬೇಕಾದುದು ೨೦೨೧ರಲ್ಲಿ. ಅದೇ ಸಂದರ್ಭವು ತಪ್ಪಿಹೋಯಿತು. ತಾಲ್ಲೂಕು ಬಂದಿತೆಂದರೆ ಕಚೇರಿ ಬಂದಿತು, ತಹಶೀಲ್ದಾರರು ಬಂದರು, ಮೊಹರು ಬಂದಿತು. ಪ್ರಜೆಗಳ ಸಭೆ ಮಾತ್ರ ಬರಲಿಲ್ಲ. ಇದನ್ನು ಅಧಿಕಾರದ ವಿಕೇಂದ್ರೀಕರಣವೆಂದು ಕರೆದರೆ ಬಾಖನು ಹಂಗೇರಿಯನ್ನು ಐದು ಭಾಗಮಾಡಿದುದನ್ನೂ ಹಾಗೆಯೇ ಕರೆಯಬೇಕಾದೀತು. ಕಚೇರಿಯನ್ನು ಊರಿನ ಹತ್ತಿರಕ್ಕೆ ತರುವುದು ಒಂದು. ಅಧಿಕಾರವನ್ನು ಊರಿನವರ ಕೈಗೆ ಕೊಡುವುದು ಇನ್ನೊಂದು.

"ಸದಸ್ಯರು ತಿನ್ನುತ್ತಾರೆ, ಅಧಿಕಾರಿಯಾದರೆ ಲೆಕ್ಕ ಕೊಡುತ್ತಾನೆ" ಎಂಬ ಆಕ್ಷೇಪಣೆಗೆ ಉತ್ತರ ಹೇಳದೆ ಮುಗಿಸುವುದು ಸರಿಯಲ್ಲ. ತಿನ್ನುವ ಸದಸ್ಯರಿಲ್ಲವೆಂದು ನಾವು ವಾದಿಸುವುದಿಲ್ಲ. ನಮ್ಮ ಪತ್ರಿಕೆಯಲ್ಲಿಯೇ ಅಂತಹವರ ವಿಷಯವಾಗಿ ಬರೆದು ಅವರ ಕೋಪಕ್ಕೆ ಪಾತ್ರರಾಗಿದ್ದೇವೆ. ಆದರೆ ಅಧಿಕಾರಿಯು ಲೆಕ್ಕ ಕೊಡುವುದು ಯಾರಿಗೆ? ತನ್ನ ಮೇಲಧಿಕಾರಿಗೆ. ಮೇಲಧಿಕಾರಿಯು ಬೆಂಗಳೂರಿಗೆ. ತಿನ್ನುವ ಸದಸ್ಯನನ್ನು ಐದು ವರ್ಷಕ್ಕೊಮ್ಮೆಯಾದರೂ ಮನೆಗೆ ಕಳುಹಿಸುವ ಹಕ್ಕು ರೈತನ ಕೈಯಲ್ಲಿದೆ. ಅಧಿಕಾರಿಯ ವಿಷಯದಲ್ಲಿ ಆತನಿಗಿರುವುದು ಅರ್ಜಿಯೊಂದೇ. ಮತ್ತೊಂದು ಮಾತು: ಹಳ್ಳಿಯ ಹೆಂಗಸರೂ ದಲಿತರೂ ಮೀಸಲು ಸ್ಥಾನಗಳ ಮೂಲಕ ಅಧ್ಯಕ್ಷಪೀಠದಲ್ಲಿ ಕುಳಿತುದು ಈ ಪಂಚಾಯಿತಿಗಳಲ್ಲಿ. ಅವರು ಕಲಿಯುತ್ತಿದ್ದ ಪಾಠಶಾಲೆಯನ್ನು ಮುಚ್ಚಿ, ಅವರಿಗೆ ವಿದ್ಯೆ ಬಾರದೆನ್ನುವುದು ಯಾವ ನ್ಯಾಯ? ಈಜನ್ನು ದಡದಲ್ಲಿ ನಿಂತು ಕಲಿತವರಿಲ್ಲ. ಸ್ವರಾಜ್ಯವೂ ಹಾಗೆಯೇ, ತಪ್ಪುಮಾಡುತ್ತ, ತಿದ್ದಿಕೊಳ್ಳುತ್ತ ಅದನ್ನು ಕಲಿಯಬೇಕು.

ಆದುದರಿಂದ ನಮ್ಮ ಸಲಹೆಗಳು ಮೂರು. ಮೊದಲನೆಯದು: ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಪಟ್ಟಿಗಳು ಅವಧಿ ತೀರುವ ಒಂದು ವರ್ಷಕ್ಕೆ ಮುಂಚೆಯೇ ಮುಗಿಯಬೇಕು, ಮುಗಿಯದಿದ್ದರೆ ಹಿಂದಿನ ವಿಂಗಡಣೆಯ ಮೇಲೆಯೇ ಚುನಾವಣೆ ನಡೆಯಬೇಕೆಂದು ಶಾಸನದಲ್ಲಿ ಬರೆಯಬೇಕು. ಎರಡನೆಯದು: ಈ ಕೆಲಸವು ಆಳುವ ಪಕ್ಷಗಳ ಅನುಕೂಲಕ್ಕೆ ಸಿಕ್ಕದಂತೆ ಚುನಾವಣಾ ಆಯೋಗದ ಕೈಗೇ ಮರಳಬೇಕು. ಮೂರನೆಯದು ಸರಕಾರಕ್ಕಲ್ಲ, ನಮಗೆ. ಗ್ರಾಮಸಭೆಯೆಂಬುದು ಕಾನೂನಿನಿಂದ ಬಂದ ಹಕ್ಕು. ಕಡೂರು, ತರೀಕೆರೆ, ಅಜ್ಜಂಪುರಗಳ ಹಳ್ಳಿಗಳಲ್ಲಿ ಅದು ಸೇರಿದಾಗ ಎಷ್ಟು ಜನ ಹೋಗುತ್ತೇವೆ? ಹಾಜರಿಯ ಪುಸ್ತಕಕ್ಕೆ ಸಹಿ ಹಾಕಿ ಹಿಂದಿರುಗುವವರೆಷ್ಟು? ಒಂದೊಂದು ಗ್ರಾಮಸಭೆಯೂ ಮೇಲಿನ ಪಂಚಾಯಿತಿಗಳಿಗೆ ಕಾಲಕ್ಕೆ ಸರಿಯಾಗಿ ಚುನಾವಣೆ ನಡೆಯಲೇಬೇಕೆಂದು ನಿರ್ಣಯ ಮಾಡಿ ಕಳುಹಿಸಿದರೆ, ಆ ಕಾಗದಗಳ ರಾಶಿಯನ್ನು ಯಾವ ಪಕ್ಷದ ಮಂತ್ರಿಯೂ ಅಲಕ್ಷ್ಯಮಾಡಲಾರನು.

ಬಾಖನೂ ಕಬ್ಬನ್ನನೂ ಅಸಮರ್ಥರಾಗಿರಲಿಲ್ಲ. ತಮ್ಮ ಕಾಲದಲ್ಲಿ ಅನೇಕ ಹೊರೆಗಳನ್ನು ಇಳಿಸಿದರು. ಆದರೆ ಹೊರೆ ಇಳಿಸಿಕೊಂಡವನು ತನ್ನ ಕಾಲಮೇಲೆ ತಾನು ನಿಲ್ಲುವುದನ್ನು ಇಬ್ಬರೂ ಸಹಿಸಲಿಲ್ಲ. ಆದಕಾರಣ ಅವರು ಹೋದ ದಿನ ಅವರ ಯಂತ್ರವನ್ನು ತನ್ನದೆನ್ನುವ ಪ್ರಜೆಯೂ ಇರಲಿಲ್ಲ. ನಮ್ಮ ಸರಕಾರವು ನಮ್ಮವರದೇ, ನಾವೇ ಆರಿಸಿದುದೇ. ಪರರ ಆಳ್ವಿಕೆಯ ದೋಷವನ್ನು ನಮ್ಮವರೇ ಮುಂದುವರಿಸಿದರೆ ಅದಕ್ಕೆ ಹೊಣೆಗಾರರು ನಾವೂ ಆಗುತ್ತೇವೆ. ೧೮೩೦ರಲ್ಲಿ ನಗರದ ಸೀಮೆಯ ರೈತರು ಕಾನೂನಿನ ಆಸರೆಯಿಲ್ಲದೆ, ಪ್ರಾಣಭಯವನ್ನು ಲೆಕ್ಕಿಸದೆ ಕೂಟ ಸೇರಿದರು. ಅವರ ಮರಿಮಕ್ಕಳ ಮಕ್ಕಳಿಗೆ ಸಂವಿಧಾನವೇ ಕೂಟ ಸೇರಿರೆಂದು ಹೇಳುತ್ತಿದೆ. ಹೋಗಿ ಕುಳಿತುಕೊಳ್ಳುವುದು ಮಾತ್ರ ಬಾಕಿ.